ತೀರ್ಥಹಳ್ಳಿಗೆ ಹೊರಟ ನರ

ಆ ದಿನ ಕೆಡಬಹುದಾಗಿದ್ದ ಸಂಗತಿಗಳು ಬಹಳ ಇದ್ದವು. ರಿಪ್ಪನ್‌ಪೇಟೆಯಿಂದ ಬರುವ ಬಸ್ಸು ಆನಂದಪುರದ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ಟೈಲರ್ ಮಂಜಪ್ಪ ಬಸ್ಸನ್ನೇ ಹತ್ತದೆ, ‘ಮದ್ವೆ ಮನೆ ಬ್ಲೌಸು ಅರ್ಜೆಂಟಿದೆ ಸರ್, ಮುಂದಿನ ವಾರ ನೋಡಣ’ ಅನ್ನಬಹುದಿತ್ತು. ಮೇಡಂ ಪಾಲಿಗೆ ಮುಂದಿನ ವಾರ ಎಂಬುದೇ ಇಲ್ಲದಿರಬಹುದಿತ್ತು. ಸಾಗರದಲ್ಲಿ ಅವರಿದ್ದ ಬಾಡಿಗೆ ಮನೆಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ. ಬಲಗೈ ಸ್ವಾಧೀನ ತಪ್ಪಿದ ಮಂಜಪ್ಪ ಜಾರಬಹುದಿತ್ತು, ಅವನನ್ನು ಹಿಡಿಯಲು ಹೋಗಿ ಎರಡೂ ಕೈ ನೆಟ್ಟಗಿರುವ ನಾನು ಬೀಳಬಹುದಿತ್ತು. ಇದರ ಸಾಧ್ಯತೆಯೇ ಹೆಚ್ಚು. ಯಾರಾದರೂ ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದು, ‘ನಮ್ಮ ಭಾವಂಗೂ ಇದೇ ಆಗಿತ್ತು, ಎಷ್ಟು ಒದ್ದಾಡಿದ್ರೂ ಉಳೀಲಿಲ್ಲ’ ಅಂತ ಸಮಾಧಾನ ಹೇಳುತ್ತ ಸಂಜೆವರೆಗೆ ಕೂತುಬಿಡಬಹುದಿತ್ತು. ಮೇಡಂ ನಿದ್ದೆಯಲ್ಲಿರಬಹುದಿತ್ತು; ಆ ವಾರದ ಅವರ ನಿದ್ದೆಯನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಎದೆ ಎಂದಿನಂತೆ ಡವಗುಟ್ಟಿ, ಅವರನ್ನು ಬಿಟ್ಟು ನನ್ನನ್ನೇ ಮಲಗಿಸಿ ನೀರು ಕುಡಿಸಬೇಕಾಗಬಹುದಿತ್ತು. ಮಂಜಪ್ಪ ಅತ್ತುಬಿಡಬಹುದಿತ್ತು. ಅಥವಾ ಅಳದೆ, ತನ್ನ ಎಂದಿನ ಒರಟು ದನಿಯಲ್ಲಿ ‘ಇಲ್ಲ’ ಅನ್ನಬಹುದಿತ್ತು. ಎಲ್ಲಕ್ಕಿಂತ ಹೆಚ್ಚು ನಾನು ಹೆದರಿದ್ದು ಇದಕ್ಕೆ.

ಇವು ಯಾವುವೂ ಆಗಲಿಲ್ಲ. ಬಸ್ಸು ಹೊತ್ತಿಗೆ ಮೊದಲೇ ಬಂತು. ಕೆಟ್ಟದ್ದು ಬೇರೆ ಒಂದು, ತೀರ ಸಣ್ಣದು. ಅದನ್ನು ಹೇಳುವುದಕ್ಕೆ ಮೊದಲು ಮೇಡಂ ಯಾರು ಅಂತ ಹೇಳಬೇಕು.

ಅವರು ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದರು. ಹುಟ್ಟೂರು ತೀರ್ಥಹಳ್ಳಿ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, ‘ಮರ್ತೇ ಹೋಯ್ತು ಮಾರಾಯ್ರೆ’ ಅನ್ನುತ್ತಿದ್ದರು, ಕೊಡೆ ಬಸ್ಸಲ್ಲಿ ಬಿಟ್ಟು ಬಂದವರ ಹಾಗೆ. ಜಾರುವ ಕನ್ನಡಕವನ್ನು ಮಣಿಕಟ್ಟಿನ ಹಿಂಭಾಗದಿಂದ ಮೇಲೆ ತಳ್ಳಿಕೊಳ್ಳುವುದು ಅವರ ಅಭ್ಯಾಸ. ವರ್ಷಗಟ್ಟಲೆ ಕೈಗವಸು ಹಾಕಿಕೊಂಡು ದುಡಿದವರಿಗೆ ಬೆರಳಿಂದ ಮುಖ ಮುಟ್ಟುವುದೇ ಮರೆತುಹೋಗಿರುತ್ತದೆ. ನಿವೃತ್ತಿಯಾದ ಮೇಲೂ, ಕೈಯಲ್ಲಿ ಏನೂ ಇಲ್ಲದಾಗಲೂ, ಹಾಗೇ ತಳ್ಳಿಕೊಳ್ಳುತ್ತಿದ್ದರು.

ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಮೊದಲ ದಿನ ಪಾಠ ಮಾಡಲು ನಿಂತಾಗ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿಗೆ ತಗುಲಿ ಟಕಟಕ ಅಂದಿತು. ಹುಡುಗರು ಬಾಗಿಲಿನ ಕಡೆ ನೋಡಿದರು, ಯಾರೋ ಬಾಗಿಲು ತಟ್ಟುತ್ತಿದ್ದಾರೆ ಅಂದುಕೊಂಡು. ಮೇಡಂ ನನ್ನನ್ನು ತಮ್ಮ ಪರಿಚಯದ ವೈದ್ಯರ ಹತ್ತಿರ ಕಳಿಸಿದರು. ಅವರು ಬೀಟಾ ಬ್ಲಾಕರ್ ಅನ್ನುವ ಜಾತಿಯ ಮಾತ್ರೆ ಬರೆದರು. ಎದೆಬಡಿತ ತಗ್ಗಿಸುವ, ರಕ್ತದೊತ್ತಡ ಇಳಿಸುವ, ಕೈನಡುಕ ನಿಲ್ಲಿಸುವ ಹಳೆಯ ಮಾತ್ರೆ; ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಚೀಟಿ ತೋರಿಸಿದಾಗ ಮೇಡಂ ನಕ್ಕರು.

‘ನಿಂಗೂ ನನ್ನ ಇಲಿಗಳಿಗೂ ಒಂದೇ ಮಾತ್ರೆ ಕಣೋ.’

‘ಇಲಿಗಳಿಗೂ ಪಾಠ ಮಾಡೋ ಭಯವಾ ಮೇಡಂ?’

‘ಇಲ್ಲ. ಧೈರ್ಯದಲ್ಲಿ ಅವೇ ಮುಂದೆ.’

ಕಾಲೇಜಿನ ಹಿಂದೆ, ಹಂಚಿನ ಒಂದು ಉದ್ದನೆಯ ಕೋಣೆಯಲ್ಲಿ ಆ ಇಲಿಗಳಿದ್ದವು. ಮೇಡಂ ತಮ್ಮ ಅರ್ಧ ಆಯಸ್ಸನ್ನು ಒಂದು ಪ್ರಶ್ನೆಯ ಹಿಂದೆ ಅಲ್ಲಿ ಕಳೆದರು. ಅದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ; ತಪ್ಪಿದ್ದರೆ ಅವರು ಮೇಲಿಂದ ಕೆಂಪು ಶಾಯಿ ಚೆಲ್ಲಲಿ. ನರಕ್ಕೆ ಪೆಟ್ಟು ಬಿದ್ದು ಅದು ತುಂಡಾದರೆ, ಅಥವಾ ಒಳಗಿನ ಎಳೆ ಜಜ್ಜಿಹೋದರೆ, ಪೆಟ್ಟಿನಿಂದ ಆಚೆಗಿನ ಭಾಗ ಮೆಲ್ಲಗೆ ಶಿಥಿಲವಾಗಿ ಸಾಯುತ್ತದೆ. ಅದು ಸತ್ತು, ದಾರಿ ತೆರವಾದ ಮೇಲೆ, ಮೇಲಿಂದ ಹೊಸ ಎಳೆ ಚಿಗುರಿ ಅದೇ ದಾರಿಯಲ್ಲಿ ಇಳಿಯುತ್ತದೆ. ಮೇಡಂ ಪ್ರಶ್ನೆ: ಈ ಬೀಟಾ ಬ್ಲಾಕರ್ ಮಾತ್ರೆ ತಿನ್ನುವ ದೇಹದಲ್ಲಿ ಆ ಸಾವು ತಡವಾಗುತ್ತದೆಯೇ? ತಡವಾದರೆ ಒಳ್ಳೆಯದೇ? ನರ ಉಳಿದರೆ ಒಳ್ಳೆಯದು. ಆದರೆ ಹಳೆಯದು ಜಾಗ ಹಿಡಿದು ಕೂತು ಹೊಸದಕ್ಕೆ ದಾರಿ ಬಿಡದಿದ್ದರೆ? ಮೊದಲನೆಯದು ಅವರ ಆಸೆ, ಎರಡನೆಯದು ಅವರ ಭಯ. ಎರಡನ್ನೂ ಒಂದೇ ತೂಕದಲ್ಲಿ ಹೊತ್ತುಕೊಂಡು ಓಡಾಡುತ್ತಿದ್ದರು. ನನ್ನಂಥವನು ಭಯವನ್ನಷ್ಟೇ ಹೊತ್ತು ಸುಸ್ತಾಗುತ್ತಿದ್ದೆ.

ಒಂದು ಮಧ್ಯಾಹ್ನ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರು. ಇಲಿಗೆ ಪೂರ್ತಿ ಮಂಪರು ಕೊಟ್ಟು ಮಲಗಿಸಿದ್ದರು. ತೊಡೆಯ ನರವನ್ನು ಹಿಂದಿನ ದಿನವೇ ಕತ್ತರಿಸಿದ್ದರು. ಕತ್ತರಿಸಿದ ಜಾಗದಿಂದ ಆಚೆ, ಪಾದದ ಕಡೆಯ ತುಂಡಿಗೆ, ಮೇಡಂ ಕರೆಂಟಿನ ತಂತಿಯ ತುದಿ ಮುಟ್ಟಿಸಿದರು. ಪಾದ ಚಕ್ಕನೆ ಎಳೆದುಕೊಂಡಿತು. ಹುಡುಗಿಯೊಬ್ಬಳು ಹೆಜ್ಜೆ ಹಿಂದೆ ಇಟ್ಟಳು.

‘ಕಟ್ ಆಗಿದೆ ಅಲ್ವಾ ಮೇಡಂ? ಮತ್ತೆ ಹೇಗೆ?’

‘ಆಗಿದೆ. ಇದಕ್ಕಿನ್ನೂ ಸುದ್ದಿ ಮುಟ್ಟಿಲ್ಲ ಅಷ್ಟೆ’ ಅಂದರು ಮೇಡಂ. ಮತ್ತೆ ಒಂದು ಸಲ ಮುಟ್ಟಿಸಿದರು. ಪಾದ ಮತ್ತೆ ಎಳೆಯಿತು. ‘ನಾಳೆ ನಾಡಿದ್ದರಲ್ಲಿ ಮುಟ್ತದೆ.’

ಮೇಡಂ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಈಗಲೂ ಶರ್ಟಿನ ಕಾಲರಿನ ದಾರ ಕತ್ತಿಗೆ ತಗುಲಿದರೆ ಹಿಂದಿನಿಂದ ಯಾರೋ ‘ಗೊತ್ತಾಯ್ತಾ?’ ಅಂತ ಕೇಳಿದಂತಾಗುತ್ತದೆ. ‘ಹ್ಞೂಂ’ ಅಂದುಬಿಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ. ಊಟಕ್ಕೆ ಕೂತಾಗ ಹೀಗಾದರೆ ಹೆಂಡತಿ, ‘ಯಾರಿಗೆ ಹ್ಞೂಂ ಅಂದ್ರಿ? ನಾನಂತೂ ಎಂತದೂ ಕೇಳಿಲ್ಲ’ ಅನ್ನುತ್ತಾಳೆ. ನನಗೆ ಸುದ್ದಿ ಮುಟ್ಟುವುದು ನಿಧಾನ. ಮಾತ್ರೆಯ ಪರಿಣಾಮ ಇರಬಹುದು.

ಅವರ ಕೆಲಸದ ರೀತಿ ಹೇಳಿದರೆ ಈಗಿನ ಹುಡುಗರು ನಗುತ್ತಾರೆ. ಯಾವ ಪಂಜರದ ಇಲಿಗೆ ಮಾತ್ರೆ, ಯಾವುದಕ್ಕೆ ಬರೀ ಸಕ್ಕರೆ ನೀರು ಅನ್ನುವುದು ಅವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಅನ್ನುತ್ತಿದ್ದರು. ಆ ಗುಟ್ಟು ನನಗೆ ಮಾತ್ರ ಗೊತ್ತು. ಗುಟ್ಟು ಇಟ್ಟುಕೊಳ್ಳಲು ನನಗಿಂತ ಕೆಟ್ಟ ಮನುಷ್ಯ ಮೂರು ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಬಾಯಿ ಬಿಡುವುದಿಲ್ಲ, ಆದರೆ ಮುಖ ಎಲ್ಲವನ್ನೂ ಒದರುತ್ತದೆ. ಅವರು ಇಲಿಯ ನಡಿಗೆ ನೋಡುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ನಿಲ್ಲಬೇಕಾಗಿತ್ತು. ‘ನೀನು ಬೆನ್ನಲ್ಲೂ ಗಾಬರಿ ಪಡ್ತೀಯಲ್ಲೋ’ ಅಂತ ಒಮ್ಮೆ ಬೈದರು. ‘ಆ ಭುಜ ಇಳಿಸು.’

ಇಲಿಯನ್ನು ಎತ್ತುವ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಏನಾದರೂ ಕೈತಪ್ಪಿದರೆ ಮನೆಮಾತು ಬರುತ್ತಿತ್ತು: ‘ಎಂತ ಆತೇ ಮಾರಾಯ್ತಿ, ನೋವಾತ?’ ಇಲಿಗೆ. ನಮಗೆ ಯಾರಿಗೂ ಅಷ್ಟು ಮೃದುವಾಗಿ ಕೇಳಿದ್ದು ನೆನಪಿಲ್ಲ.

ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಕಾಲೇಜಿನವರು ಇಲಿಕೋಣೆ ಮುಚ್ಚಿದರು. ನಿಯಮ ಬಿಗಿಯಾಗಿದೆ, ಖರ್ಚು ಹೆಚ್ಚು, ವಾಸನೆ ಬರುತ್ತದೆ, ಹೀಗೆ ಕಾರಣಗಳು. ಮೇಡಂ ಜಗಳ ಮಾಡಲಿಲ್ಲ. ಖಾಲಿ ಪಂಜರಗಳನ್ನು ತಾವೇ ತೊಳೆದು ಬಿಸಿಲಿಗೆ ಇಟ್ಟರು. ‘ಏನು ಗೊತ್ತಾಯ್ತು ಮೇಡಂ ಕೊನೆಗೆ?’ ಅಂತ ನಾನು ಕೇಳಿದೆ. ‘ಗೊತ್ತಾಗ್ಲಿಲ್ಲ ಅಂತ ಗೊತ್ತಾಯ್ತು’ ಅಂದರು. ಇನ್ನೊಂದು ಪಂಜರವನ್ನು ಬಿಸಿಲಿಗೆ ತಿರುಗಿಸಿಟ್ಟು, ‘ಗೊತ್ತಾಗೋ ಹಂಗಿತ್ತು ಕಣೋ’ ಅಂದರು. ಆ ಎರಡನೆಯ ಮಾತನ್ನು ಅವರು ಹೇಳಿದ ದನಿ ನನಗೆ ಇಷ್ಟವಾಗಲಿಲ್ಲ. ಹೂತ ಜಾಗದಿಂದ ಬಂದ ದನಿಯ ಹಾಗಿತ್ತು.

ನಿವೃತ್ತಿಯ ಮೇಲೆ ಸಾಗರದ ಬಸ್ ನಿಲ್ದಾಣದ ಹತ್ತಿರ, ಸ್ಟೇಷನರಿ ಅಂಗಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದರು. ಕರೆದಲ್ಲಿಗೆ ಹೋಗಿ ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷೆ ಮಾಡುತ್ತಿದ್ದರು, ಸ್ಪರ್ಶ ಇದೆಯೋ ಇಲ್ಲವೋ ಅಂತ. ಅದಕ್ಕೆ ಬೇಕಾದ ಎಳೆಗಳನ್ನು ಸ್ವತಃ ಮಾಡಿಕೊಂಡಿದ್ದರು. ಹಿನ್ನೀರಿನಲ್ಲಿ ಗಾಳ ಹಾಕುವವರು ಕೊಳ್ಳುವ ನೈಲಾನ್ ನೂಲನ್ನು ಬೇರೆ ಬೇರೆ ದಪ್ಪದಲ್ಲಿ ತಂದು, ತುಂಡು ಮಾಡಿ, ಐಸ್‌ಕ್ರೀಮ್ ಕಡ್ಡಿಗಳಿಗೆ ಅಂಟಿಸಿದ್ದರು. ‘ಮೀನು ಹಿಡಿಯೋಕೆ ಹೊಂಟ್ರಾ ಮೇಡಂ?’ ಅಂತ ಕಂಡಕ್ಟರ್ ಕೇಳಿದರೆ, ‘ಹೌದು, ಸಿಗೋದಷ್ಟೇ ಕಷ್ಟ’ ಅನ್ನುತ್ತಿದ್ದರು.

ಒಮ್ಮೆ ಹೊಸನಗರದ ಕಡೆ, ಮಾಸ್ತಿಕಟ್ಟೆಗೆ ಹೋಗುವ ದಾರಿಯ ಒಂದು ಶಾಲೆಯಲ್ಲಿ ಅಂಥ ಶಿಬಿರ ಇತ್ತು. ನಾನೂ ಜೊತೆಗಿದ್ದೆ. ಜನ ಕಣ್ಣು ಮುಚ್ಚಿ ಕೂರಬೇಕು. ಮೇಡಂ ಎಳೆ ಮುಟ್ಟಿಸಿ ‘ಗೊತ್ತಾಯ್ತಾ?’ ಅಂತ ಕೇಳಬೇಕು. ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತಿತ್ತು. ಮೇಡಂಗೆ ಅನುಮಾನ ಬಂತು. ಒಬ್ಬ ಅಜ್ಜಿಗೆ ಏನನ್ನೂ ಮುಟ್ಟಿಸದೆ ಬರೀ ಕೇಳಿದರು. ‘ಗೊತ್ತಾಯ್ತು, ಗೊತ್ತಾಯ್ತು’ ಅಂದಳು ಅಜ್ಜಿ.

‘ನಾನು ಮುಟ್ಟೇ ಇಲ್ವಲ್ಲಮ್ಮ!’

ಅಜ್ಜಿ ಕಣ್ಣು ಬಿಟ್ಟು ನಾಚಿಕೊಂಡಳು. ‘ಅಷ್ಟು ದೂರದಿಂದ ಬಂದೀರಿ ತಾಯಿ. ಇಲ್ಲ ಅನ್ನೋಕಾಗ್ತದಾ?’

ಮೇಡಂ ಬಿದ್ದು ಬಿದ್ದು ನಕ್ಕರು. ಬಸ್ಸು ಹತ್ತಿದ ಮೇಲೆ ನಗು ನಿಂತಿತು. ‘ಈ ಊರಲ್ಲಿ ವಿಜ್ಞಾನ ಮಾಡೋದು ಕಷ್ಟ ಮಾರಾಯ. ಜನ ತುಂಬ ಒಳ್ಳೆಯವರು’ ಅಂದರು.

ವಾಪಸ್ ಬರುವಾಗ ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಇಳಿಯುವಾಗ ಮೇಡಂ ಸೀರೆ ಬಾಗಿಲ ತಗಡಿಗೆ ಸಿಕ್ಕಿ ಹರಿಯಿತು. ಸರ್ಕಲ್ಲಿನ ಹತ್ತಿರವೇ ಒಂದು ಟೈಲರ್ ಅಂಗಡಿ. ಹೆಂಡತಿ ಮಿಷನ್ನಿನ ಮೇಲೆ ಕೂತಿದ್ದಳು. ಗಂಡ, ಅಂದರೆ ಮಂಜಪ್ಪ, ಬಲಗೈಗೆ ಪಟ್ಟಿ ಸುತ್ತಿಕೊಂಡು ಎಡಗೈಯಲ್ಲಿ ಗುಂಡಿ ಆರಿಸುತ್ತಿದ್ದ. ಕೆಲವೇ ವಾರಗಳ ಹಿಂದೆ ಅಂಗಡಿಯ ರೋಲಿಂಗ್ ಶಟರ್ ಅರ್ಧದಲ್ಲಿ ಕೈಬಿಟ್ಟು ಮಣಿಕಟ್ಟಿನ ಮೇಲೆ ಬಿದ್ದಿತ್ತು. ಮೂಳೆ ಉಳಿದಿತ್ತು, ನರ ಜಜ್ಜಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಸ್ಪರ್ಶ ಇಲ್ಲ. ನರ ಪೂರ್ತಿ ತುಂಡಾಗಿಲ್ಲ, ಚಿಗುರಬಹುದು, ಕಾಯಿರಿ ಅಂತ ಆಸ್ಪತ್ರೆಯವರು ಹೇಳಿದ್ದರು. ಟೈಲರಿಗೆ ಆ ಮೂರು ಬೆರಳೇ ಅಂಗಡಿ; ಉಳಿದದ್ದು ಬಾಡಿಗೆ ಕಟ್ಟಡ.

ಮೇಡಂ ಸೀರೆ ಮರೆತರು. ಕಣ್ಣು ಮುಚ್ಚಿಸಿ, ಎಳೆ ತೆಗೆದರು. ‘ಗೊತ್ತಾಯ್ತಾ?’

‘ಇಲ್ಲ.’

‘ಈಗ?’

‘ಇಲ್ಲ ಅಂದೆನಲ್ಲ.’

‘ಈಗ?’

‘ಗೊತ್ತಾದ್ರೆ ನಾನೇ ಹೇಳ್ತೀನಿ ಮೇಡಂ, ನೀವು ಸುಮ್ನೆ ಬಾಯಿ ನೋಯಿಸ್ಕೋಬೇಡಿ.’

ಮೇಡಂ ಮುಖ ಅರಳಿದ್ದನ್ನು ನಾನು ಕಂಡೆ. ಇಡೀ ದಿನದಲ್ಲಿ ಸಿಕ್ಕ ಮೊದಲ ‘ಇಲ್ಲ’ ಅದು. ಆಮೇಲೆ ಅವರು ಯಾವ ಮಾತ್ರೆ ತಗೊಳ್ತೀಯ ಅಂತ ಕೇಳಿದರು. ಅವನು ಬಟ್ಟೆ ತುಂಡುಗಳ ಡಬ್ಬದಿಂದ ಒಂದು ಸ್ಟ್ರಿಪ್ ತೆಗೆದ. ಬಿಪಿಗೆ, ಕೈ ಜಜ್ಜುವುದಕ್ಕೆ ಎಷ್ಟೋ ವರ್ಷ ಮೊದಲಿಂದ ನುಂಗುತ್ತಿದ್ದದ್ದು. ಅದು ನನ್ನ ಮಾತ್ರೆ. ಇಲಿಗಳ ಮಾತ್ರೆ. ಮೇಡಂ ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟರು.

‘ಒಬ್ಬ ಮನುಷ್ಯನಿಂದ ಎಂತದೂ ಸಾಬೀತಾಗಲ್ಲ’ ಅಂತ ಅವತ್ತು ಸಾಗರ ಬರುವವರೆಗೆ ನನಗೆ ಹೇಳುತ್ತಲೇ ಇದ್ದರು. ನಾನು ವಾದ ಮಾಡಿರಲಿಲ್ಲ. ಮತ್ತೆ ತಿಂಗಳಿಗೊಮ್ಮೆ ರಿಪ್ಪನ್‌ಪೇಟೆಗೆ ಹೋಗತೊಡಗಿದರು.

ನರ ಚಿಗುರುವಾಗ ಅದರ ತುದಿ ಎಲ್ಲಿದೆಯೋ ಅಲ್ಲಿ ಮೆಲ್ಲಗೆ ತಟ್ಟಿದರೆ ಬೆರಳಿನ ಕಡೆಗೆ ಜುಮ್ಮೆನ್ನುತ್ತದೆ. ಮೇಡಂ ಹಾಗೆ ತಟ್ಟಿ ತಟ್ಟಿ, ಜುಮ್ಮೆಂದ ಜಾಗಕ್ಕೆ ನೀಲಿ ಶಾಯಿಯ ಚುಕ್ಕೆ ಇಡುತ್ತಿದ್ದರು. ಮಂಜಪ್ಪನಿಗೆ ತಿಳಿಯಲಿ ಅಂತ ಅವನ ಕೈಯನ್ನೇ ನಕ್ಷೆ ಮಾಡಿದರು. ಮಣಿಕಟ್ಟು ಸಾಗರ. ಅಂಗೈ ನಡುವೆ ರಿಪ್ಪನ್‌ಪೇಟೆ. ಬೆರಳಿನ ಬುಡ ಹೊಸನಗರ. ಬೆರಳ ತುದಿ ತೀರ್ಥಹಳ್ಳಿ.

‘ಎಲ್ಲಿಗೆ ಬಂತಪ್ಪ ಬಸ್ಸು?’

‘ಆನಂದಪುರ ದಾಟಿತು ಮೇಡಂ. ಡ್ರೈವರ್ ಚಾ ಕುಡೀತಾ ಇರ್ಬೇಕು, ನಿಧಾನ.’

‘ಎರಡು ದಿನ ಚುಕ್ಕೆ ಅಳಿಸ್ಬೇಡ. ನೀನೇ ತಟ್ಟಿ ನೋಡ್ಕೋ.’

ಹೆಂಡತಿ ಮಿಷನ್ನಿನ ಹಿಂದಿನಿಂದ ರೇಗುತ್ತಿದ್ದಳು. ‘ಕೈ ತೊಳೀಬೇಡಿ ಅಂದ್ರೆ ಊಟ ಹೆಂಗ್ ಮಾಡ್ತಾರೆ ಮೇಡಂ? ಚಮಚದಲ್ಲಿ ಅನ್ನ ಸಾರು ತಿನ್ನೋ ಗಂಡನ್ನ ನೋಡಿ ನೋಡಿ ನಂಗೆ ಆಸ್ಪತ್ರೇಲೇ ಇದ್ದಂಗಾಗಿದೆ.’

ರಿಪ್ಪನ್‌ಪೇಟೆ ಬಂತು. ಹೊಸನಗರ ಬಂತು. ಅಂಗೈಯಲ್ಲಿ ಸ್ಪರ್ಶ ಮರಳಿತು. ಆಮೇಲೆ ಬಸ್ಸು ಹೊಸನಗರದಲ್ಲೇ ನಿಂತಿತು. ಮೇಡಂ ಹೋದಾಗಲೆಲ್ಲ ಹೊಸ ಚುಕ್ಕೆ ಹಳೆಯ ಚುಕ್ಕೆಯ ಮೇಲೆಯೇ ಬೀಳುತ್ತಿತ್ತು. ಬೆರಳುಗಳು ತಣ್ಣಗೆ, ನುಣ್ಣಗೆ, ಯಾರದೋ ಬೆರಳುಗಳ ಹಾಗೆ ಇದ್ದವು. ಸೂಜಿ ಹಿಡಿದರೆ ಬಿದ್ದಿದ್ದೂ ಗೊತ್ತಾಗುತ್ತಿರಲಿಲ್ಲ.

ಮೇಡಂಗೆ ಕಲಿಸುವ ಚಟ. ಸ್ಟೂಲಿನ ಮೇಲೆ ಕೂತು ಇಲಿಗಳ ಕಥೆ ಪೂರ್ತಿ ಅವನಿಗೆ ಹೇಳಿದ್ದರು, ಆಸೆಯನ್ನೂ ಭಯವನ್ನೂ. ಒಂದು ದಿನ ಮಂಜಪ್ಪ ಅದನ್ನು ವಾಪಸ್ ಕೇಳಿದ.

‘ಹಳೇದು ಹೋಗದಿದ್ರೆ ಹೊಸದು ಬರಲ್ಲ ಅಂದಿದ್ರಿ. ಈ ಮಾತ್ರೆ ಹಳೇದನ್ನ ಹಿಡ್ಕೊಂಡು ಕೂತಿರ್ಬೋದಾ?’

‘ಗೊತ್ತಿಲ್ಲ.’

‘ಹಂಗಾದ್ರೆ ಬಿಡ್ತೀನಿ ಮಾತ್ರೆ.’

‘ಬೇಡ’ ಅಂದರು ಮೇಡಂ. ಅವರು ಗಾಬರಿಯಾದದ್ದನ್ನು ನಾನು ಮೊದಲ ಸಲ ನೋಡಿದೆ. ‘ಇದ್ದಕ್ಕಿದ್ದಂಗೆ ಬಿಟ್ರೆ ಎದೆಗೆ ಪೆಟ್ಟು. ನಿಮ್ಮ ಡಾಕ್ಟ್ರನ್ನ ಕೇಳದೆ ಒಂದು ಮಾತ್ರೇನೂ ತಪ್ಪಿಸ್ಬೇಡ.’

‘ಕೈ ಇಲ್ದೆ ಎದೆ ಇಟ್ಕೊಂಡು ಎಂತ ಮಾಡ್ಲಿ ಮೇಡಂ?’

ಅವನ ಡಾಕ್ಟರೂ ಬಿಡಬೇಡ ಅಂದರು. ಆದರೆ ಅವನು ಮಾತ್ರೆ ಮುಂದುವರಿಸಿದ್ದು ಮೇಡಂ ಹೇಳಿದ್ದಕ್ಕೆ. ಅದು ಅವರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಕೇಳಿದರು, ‘ನಾ ಹೇಳಿದ್ದು ಸರಿಯಾ?’

‘ಸರಿ ಮೇಡಂ. ಯಾವ ಪುಸ್ತಕ ತೆಗೆದ್ರೂ ಹಂಗೇ ಇದೆ.’

‘ಪುಸ್ತಕದಲ್ಲಿರೋದು ಎದೆ ವಿಷಯ. ಕೈ ವಿಷಯ ಬರೀಬೇಕಾದೋಳು ನಾನಾಗಿದ್ದೆ.’

ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು. ತಳ್ಳಿಕೊಳ್ಳಲಿಲ್ಲ.

ಅದೇ ವರ್ಷ ಅವರಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಔಷಧವನ್ನು ಹನಿಹನಿಯಾಗಿ ರಕ್ತನಾಳಕ್ಕೆ ಬಿಟ್ಟರು. ಆ ಔಷಧಕ್ಕೆ ಬೆರಳ ತುದಿಗಳ ನರವನ್ನು ಕೆಡಿಸುವ ಗುಣ ಉಂಟು; ಮೇಡಂ ಅದನ್ನು ವರ್ಷವರ್ಷ ಪಾಠ ಮಾಡಿದವರು. ಒಂದು ದಿನ ಬಾಗಿಲ ಮುಂದೆ ಪರ್ಸಿನೊಳಗೆ ಕೈ ಹಾಕಿ ನಿಂತೇ ಇದ್ದರು. ‘ಬೀಗದ ಕೈ ಯಾವುದು, ಚಿಲ್ಲರೆ ಯಾವುದು ಬೆರಳಿಗೆ ಗೊತ್ತಾಗ್ತಿಲ್ಲ ಕಣೋ. ನಾನೂ ಮಂಜಪ್ಪನೂ ಈಗ ಒಂದೇ ಬಸ್ಸು’ ಅಂದರು. ನಾನು ಬೀಗ ತೆಗೆದೆ. ನನ್ನ ಕೈ ನಡುಗುತ್ತಿದ್ದರಿಂದ ನನಗೂ ಹೊತ್ತು ಹಿಡಿಯಿತು. ಮೇಡಂಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಆದರೂ ಅವರ ಕಣ್ಣು ಮಂಜಾಗುತ್ತ ಬಂತು.

ಹಾಸಿಗೆ ಹಿಡಿದ ಮೇಲೆ ಅವರ ಬಾಯಲ್ಲಿ ಒಂದೇ ಪ್ರಶ್ನೆ: ಮಂಜಪ್ಪನ ಕೈ. ನೋಡಲು ಹೋದರೆ ಕಾಲು ತೊಳೆಯುವ ಮೊದಲೇ, ‘ಮಂಜಪ್ಪನ ಕೈ?’ ಅರೆನಿದ್ದೆಯಲ್ಲಿ, ಗೋಡೆಯ ಕಡೆ ತಿರುಗಿ, ‘ಮಂಜಪ್ಪನ ಕೈ?’ ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, ‘ಯಾರು ಸರ್ ಅದು ಮಂಜಪ್ಪ? ಹೋದೋರಾ?’ ನಾನು ಫೋನು ಮಾಡಿ ವಿಚಾರಿಸಿ ಪರವಾಗಿಲ್ಲವಂತೆ ಅಂದರೆ ಒಪ್ಪುತ್ತಿರಲಿಲ್ಲ. ‘ಫೋನಲ್ಲಿ ಎಲ್ಲರೂ ಪರವಾಗಿಲ್ಲ. ನಾನು ನೋಡ್ಬೇಕು. ಬಿಡ್ಬೇಡ ಅಂದೋಳು ನಾನು.’

ಈಗ ರಿಪ್ಪನ್‌ಪೇಟೆ ದಾಟುವಾಗ ನಾನು ಬಸ್ಸಿನಲ್ಲಿ ಅಂಗಡಿ ಕಾಣದ ಕಡೆಯ ಸೀಟು ಹಿಡಿಯುತ್ತೇನೆ. ಇಳಿದು ಹೋಗಿ ಮಂಜಪ್ಪನ ಬೆರಳನ್ನು ಮುಟ್ಟಿ ನೋಡಬಹುದು. ಎಳೆಗಳ ಡಬ್ಬ ನನ್ನ ಹತ್ತಿರವೇ ಇದೆ. ಇಳಿದಿಲ್ಲ. ಕಣ್ಣು ಮುಚ್ಚಿದರೆ ಮಾತ್ರ ಅವನ ಕೈ ಎದುರಿಗೆ ಬರುತ್ತದೆ, ಮೇಲ್ಮೊಗವಾಗಿ, ನೀಲಿ ಚುಕ್ಕೆಗಳ ಸಮೇತ.

ಮೇಡಂ ಹಟಕ್ಕೆ ನಾನು ಸಾಗರಕ್ಕೆ ಕರೆಸಿದ ಆ ದಿನ ಮಂಜಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೆಟ್ಟಿಲನ್ನು ನನಗಿಂತ ಚೆನ್ನಾಗಿ ಹತ್ತಿದ. ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಆರು ಗಜದ ಸೀರೆ ನೆರಿಗೆ ಹಿಡಿದು ಬರುತ್ತಿದ್ದ ಮೇಡಂ ಮಂಚದ ಮೇಲೆ ಮಗುವಿನಷ್ಟಾಗಿದ್ದರು. ಅವನು ಚಪ್ಪಲಿ ಬಿಡುವ ನೆಪದಲ್ಲಿ ತುಂಬ ಹೊತ್ತು ಬಗ್ಗಿಯೇ ಇದ್ದ.

‘ಬಂದ್ಯಾ? ಹೆಂಡ್ತಿ ಬೈದ್ಲಾ?’

‘ಬೈದೇ ಕಳ್ಸಿದ್ದಾಳೆ ಮೇಡಂ. ಅದಿಲ್ದಿದ್ರೆ ಬಸ್ಸೇ ಹೊರಡಲ್ಲ.’

ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಅವನ ಕೈಯನ್ನು ದಿಂಬಿನ ಮೇಲೆ ಅಂಗಾತ ಇಟ್ಟೆ. ಮೇಡಂಗೆ ದಿಂಬುಗಳನ್ನು ಒರಗಿಸಿ ಕೂರಿಸಿದೆವು. ನಾನು ಎಳೆ ಹಿಡಿಯಲು ಹೋದೆ. ‘ಕೊಡಿಲ್ಲಿ. ನೀನು ಮಾಡಿದ್ರೆ ನಿನ್ನ ನಡುಕ ಅಳೆದಂಗಾಗ್ತದೆ’ ಅಂತ ಕಿತ್ತುಕೊಂಡರು. ನನ್ನನ್ನು ಕುರ್ಚಿಯ ಹಿಂದೆ ನಿಲ್ಲಿಸಿದರು. ಮಂಜಪ್ಪ ಕಣ್ಣು ಮುಚ್ಚಿದ. ಬಗ್ಗಿ ನೋಡಿದೆ, ಕದ್ದು ನೋಡುತ್ತಿರಲಿಲ್ಲ, ರೆಪ್ಪೆ ಸುಕ್ಕಾಗುವಷ್ಟು ಗಟ್ಟಿಯಾಗಿ ಮುಚ್ಚಿದ್ದ.

ಈ ಪರೀಕ್ಷೆಯಲ್ಲಿ ಚುಚ್ಚುವುದಿಲ್ಲ. ನೈಲಾನ್ ಎಳೆಯ ತುದಿಯನ್ನು ಚರ್ಮಕ್ಕೆ ನೇರವಾಗಿ ಊರಬೇಕು. ಎಳೆ ತುಸು ಬಾಗಬೇಕು. ಬಾಗಿದರೆ ಮುಟ್ಟಿದ ಲೆಕ್ಕ, 'ಗೊತ್ತಾಯ್ತಾ' ಅಂತ ಕೇಳುವುದು ಆಮೇಲೆ. ಮೇಡಂ ಅಂಗೈಯ ನಡುವೆ ಊರಿದರು. ಎಳೆ ಬಾಗಿತು.

‘ಗೊತ್ತಾಯ್ತಾ?’

‘ಹ್ಞೂಂ.’

ಬೆರಳಿನ ಬುಡ. ಬಾಗಿತು. ‘ಹ್ಞೂಂ.’

ತೋರುಬೆರಳ ನಡು ಗೆಣ್ಣು. ಬಾಗಿತು. ಮೇಡಂ ಕಾದರು. ‘ಅಲ್ಲಿ ಇಲ್ಲ ಮೇಡಂ’ ಅಂದ ಮಂಜಪ್ಪ, ಮೆಲ್ಲಗೆ. ಅವನು ಇಲ್ಲ ಅನ್ನುವುದನ್ನು ಮೆಲ್ಲಗೆ ಹೇಳಿದ್ದು ಅದೇ ಮೊದಲು.

ಮೇಡಂ ಉಸಿರು ಕೇಳುತ್ತಿತ್ತು. ಕೈ ಸೋಲುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಎಳೆಯನ್ನು ಬೆರಳ ತುದಿಯ ಕಡೆ ತಂದರು. ಕಿಟಕಿಯ ಬೆಳಕು ನೇರ ಅದರ ಮೇಲೆ ಬೀಳುತ್ತಿತ್ತು. ಕೆಳಗೆ ನಿಲ್ದಾಣದಲ್ಲಿ ಯಾವುದೋ ಬಸ್ಸು ಹೊರಡಲು ಹಾರನ್ ಹೊಡೆಯಿತು. ಮೇಡಂ ಕನ್ನಡಕದ ಕೆಳಗಿಂದ, ಮೇಲಿಂದ ನೋಡಿದರು. ಕೈ ನಿಂತಿತು.

‘ಗೊತ್ತಾಯ್ತಾ?’ ಅಂದರು. ಆ ದನಿಯಲ್ಲಿ ಪರೀಕ್ಷೆ ಇರಲಿಲ್ಲ.

ಮಂಜಪ್ಪ ಕಣ್ಣು ಮುಚ್ಚಿಯೇ ಮೇಡಂ ಉಸಿರಿನ ಕಡೆ ಮುಖ ತಿರುಗಿಸಿದ.

‘ಗೊತ್ತಾಯ್ತು’ ಅಂದ.

‘ಸರಿಯಾಗಿ ಹೇಳು.’

‘ಸರಿಯಾಗೇ ಹೇಳ್ತಿದೀನಿ. ಇರುವೆ ನಡೆದಂಗೆ.’

‘ಎಲ್ಲಿ?’

‘ತುದೀಲಿ. ತೀರ್ಥಹಳ್ಳೀಲಿ.’

ಮೇಡಂ ದಿಂಬಿಗೆ ಒರಗಿದರು. ಅವರ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. ಅದು ಇಳಿದದ್ದು ಅವರಿಗೆ ತಿಳಿದಂತೆ ಕಾಣಲಿಲ್ಲ. ನಾನು ಚುಕ್ಕೆ ಇಡಲು ಪೆನ್ನು ತೆಗೆದೆ. ‘ಬೇಡ ಬಿಡು. ಊರಿಗೆ ಬಂದ ಮೇಲೆ ಮೈಲಿಗಲ್ಲು ಯಾಕೆ?’ ಅಂದರು. ಅವತ್ತಿನಿಂದ ಮಂಜಪ್ಪನ ಕೈ ಹೇಗಿದೆ ಅಂತ ಮತ್ತೆ ಕೇಳಲಿಲ್ಲ. ಉಳಿದ ಕೆಲವು ದಿನ ನಿದ್ದೆ ಮಾಡಿದರು, ನೋಡಿಕೊಳ್ಳುವ ಹೆಂಗಸು ಹೇಳಿದಂತೆ, ‘ಎಂತ ಚಿಂತೇನೂ ಇಲ್ದೋರ ಥರ.’

ಆ ಕೊನೆಯ ‘ಗೊತ್ತಾಯ್ತಾ?’ ಕೇಳಿದ ಹೊತ್ತಿಗೆ ಮಂಜಪ್ಪನ ಕಣ್ಣು ಮುಚ್ಚಿತ್ತು. ಮೇಡಂ ಕಣ್ಣು ಮಂಜಾಗಿತ್ತು, ಬೆರಳಿಗೆ ಸ್ಪರ್ಶ ಇರಲಿಲ್ಲ. ಕುರ್ಚಿಯ ಹಿಂದೆ ನಿಂತು ಸರಿಯಾಗಿ ಕಾಣುತ್ತಿದ್ದವನು ನಾನೊಬ್ಬನೇ. ಎಳೆಯ ತುದಿಗೂ ಅವನ ಬೆರಳಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಬೆಳಕಿತ್ತು. ನೈಲಾನ್ ಬಾಗಿರಲಿಲ್ಲ.